ಸೋಮವಾರದ ಹಗ್ಗ

ಹಗ್ಗದಜ್ಜನ ಬಲಗಾಲಿನ ಹೆಬ್ಬೆರಳಿನಲ್ಲಿ ಒಂದು ತಗ್ಗು ಇತ್ತು. ಐವತ್ತು ವರ್ಷ ಅದೇ ಬೆರಳಿಗೆ ನಾರಿನ ಎಳೆ ಸಿಕ್ಕಿಸಿ ಹೊಸೆದು ಹೊಸೆದು ಚರ್ಮ ಸವೆದು, ಕಡಲೆಕಾಳು ಕೂರುವಷ್ಟು ಗುಳಿ ಬಿದ್ದಿತ್ತು. ಮೊದಲ ಸಲ ಅವರ ಮುಂದೆ ಕುಳಿತಾಗ ಮುಖ ಎತ್ತುವ ಧೈರ್ಯವಿಲ್ಲದೆ ನಾನು ಆ ಬೆರಳನ್ನೇ ನೋಡುತ್ತಿದ್ದೆ.

ಎರಡನೆಯ ದೊಡ್ಡ ಯುದ್ಧ ಶುರುವಾಗುವ ಮುಂಚಿನ ಮಾತು. ನಾನು ತಿಳವಳ್ಳಿಯಲ್ಲಿ ಸಿಂಪಿಗ. ಊರಲ್ಲಿ ಹೊಲಿಗೆ ಮಷಿನು ಇದ್ದದ್ದು ನನ್ನೊಬ್ಬನ ಹತ್ತಿರ, ಸೊಕ್ಕೂ ಅದಕ್ಕೆ ತಕ್ಕಷ್ಟು. ಕುಡಿತವಂತೂ ಕೇಳಬೇಡಿ. ಬೆಳಗ್ಗೆ ಒಂದು ಗುಟುಕು ಬೀಳದಿದ್ದರೆ ಸೂಜಿಗೆ ದಾರ ಪೋಣಿಸಲಾಗದಷ್ಟು ಕೈ ನಡುಗುತ್ತಿತ್ತು. ಒಬ್ಬ ಮದುಮಗನ ಅಂಗಿಗೆ ಎರಡೂ ಎಡತೋಳು ಕೂರಿಸಿ ಕೊಟ್ಟ ದಿನ ನನ್ನ ಹೆಂಡತಿ ಮಗಳನ್ನು ಎತ್ತಿಕೊಂಡು ಅಬಲೂರಿನ ತವರಿಗೆ ಹೊರಟಳು. "ಕುಡಿಯೋದು ಬಿಟ್ಟ ಮ್ಯಾಲೆ ಕರಿಯಾಕ ಬರ್ರಿ. ಅಲ್ಲಿತನಕ ಬರಬ್ಯಾಡ್ರಿ," ಅಂದಳು.

ಬಿಡುವುದು ಹೇಗೆ? ದೇವರ ಮೇಲೆ ಆಣೆ ಮಾಡಿದೆ, ಮೂರು ದಿನ ನಿಂತಿತು. ತಾಯತ ಕಟ್ಟಿಸಿಕೊಂಡೆ, ಅದನ್ನು ಕಟ್ಟಿಕೊಂಡೇ ಕುಡಿದೆ. ಕೊನೆಗೆ, ನನ್ನ ಜೊತೆ ಕುಡಿಯುತ್ತಿದ್ದ ಹಂಸಭಾವಿ ಕಡೆಯ ರೈತನೊಬ್ಬ ಮುಖದಲ್ಲಿ ಹೊಸ ಕಳೆ ಹೊತ್ತು ಅಂಗಡಿಗೆ ಬಂದ. ತಮ್ಮೂರ ಹೊರಗಿನ ಕೇರಿಯಲ್ಲಿ ಹಗ್ಗ ಹೊಸೆಯುವ ಅಜ್ಜ ಇದ್ದಾನೆ, ಕುಡಿತ ಬಿಟ್ಟವನು, ಬಿಟ್ಟವರೆಲ್ಲ ಸೋಮವಾರ ಅವನ ಅಂಗಳದಲ್ಲಿ ಕೂಡುತ್ತೇವೆ ಅಂದ. ಸೋಮವಾರ ನಮ್ಮ ಕಡೆ ಎತ್ತಿನ ಕೊರಳಿಗೆ ನೊಗ ಇಡುವುದಿಲ್ಲ. ಎತ್ತಿಗೆ ಬಿಡುವು, ರೈತರಿಗೆ ಕುಡಿಯಲು ಅದೇ ದಿನ. ಅಜ್ಜ ಬೇಕೆಂದೇ ಆ ದಿನ ಆರಿಸಿಕೊಂಡಿದ್ದರು.

ಮೂರು ಹರದಾರಿ, ಅಂದರೆ ಒಂಬತ್ತು ಮೈಲಿ, ನಡೆದು ಹೋಗಿ, "ಔಷಧ ಕೊಡು," ಅಂದೆ.

"ಔಷಧ ಇಲ್ರಿ. ಪುಂಡಿನಾರು ಐತಿ. ಕುಂದರ್ರಿ, ಒಂದು ಎಳಿ ಹಿಡೀರಿ."

ನಾಲ್ಕು ಮಂದಿ ಸುತ್ತ ಕುಳಿತು ಹೊಸೆಯುತ್ತಿದ್ದರು. ಎಳೆ ಹಿಡಿದವನು ತಾನು ಕೊನೆಯ ಸಲ ಕುಡಿದದ್ದು ಯಾವಾಗ ಎಂದು ಹೇಳಬೇಕು, ಅಷ್ಟೇ ಅಲ್ಲಿನ ರೀತಿ. ಉಪದೇಶವಿಲ್ಲ, ಬೈಗುಳವಿಲ್ಲ. ನನ್ನ ಸರದಿ ಬಂದಾಗ, "ಹದಿನೈದು ದಿನ ಆತು," ಎಂದುಬಿಟ್ಟೆ. ಎಳೆ ಕೈಯಲ್ಲಿ ಥರಥರ ಅಲ್ಲಾಡುತ್ತಿತ್ತು.

"ಸಿಂಪಿಗೇರ, ನಾರು ಬ್ಯಾರೇನ ಹೇಳಾಕತ್ತೈತಲ್ರಿ," ಎಂದು ಅಜ್ಜ ನಕ್ಕರು. ಎಲ್ಲರೂ ನಕ್ಕರು. ನಾನು ಉರಿದುಬಿದ್ದೆ, ಆದರೆ ಏಳಲಿಲ್ಲ. "ಇವತ್ತ ಮುಂಜಾನೆ, ಹೊರಡೂ ಮುಂಚೆ," ಅಂದೆ. ಎಷ್ಟೋ ವರ್ಷಗಳಲ್ಲಿ ನಾನು ಆಡಿದ ಮೊದಲ ನಿಜ ಅದು.

ಬಾಯಾರಿದಾಗ ಅಜ್ಜ ತಂಬಿಗೆ ಮುಂದಿಟ್ಟರು. ಮುಟ್ಟಬಾರದವರ ಕೇರಿಯ ನೀರು ಎಂದು ಹಿಂದೆಮುಂದೆ ನೋಡಿದೆ. "ಸರಾಯಿ ಅಂಗಡ್ಯಾಗ ಯಾರ ಎಂಜಲ ಗ್ಲಾಸು ಅಂತ ಕೇಳಿದ್ರೇನು?" ಅಂದರು. ಗಟಗಟ ಕುಡಿದೆ. ಮಾವನಿಗೆ ಸುದ್ದಿ ಮುಟ್ಟಿತು. ನಾನು ಇಷ್ಟು ವರ್ಷ ಸರಾಯಿ ಕುಡಿದದ್ದಕ್ಕಿಂತ ಕೇರಿಯಲ್ಲಿ ಕೂತದ್ದಕ್ಕೇ ಆತನಿಗೆ ಹೆಚ್ಚು ಸಿಟ್ಟು. ಎಂಥ ಮಂದಿಯೋ!

ಅಜ್ಜ ಯಾರಿಂದಲೂ ಆಣೆ ಮಾಡಿಸುತ್ತಿರಲಿಲ್ಲ. "ಆಣಿ ಮುರಿದಾವ ನಾಚಿ ಮತ್ತ ಇತ್ತ ಬರೂದಿಲ್ಲ. ಬರೂದು ಮುಖ್ಯ," ಅನ್ನುತ್ತಿದ್ದರು.

ಎರಡು ತಿಂಗಳಾದ ಮೇಲೆ ನಾನು ಜಾರಿದೆ. ಸೋಮವಾರ ಹೋಗದೆ ನಮ್ಮೂರ ಸರಾಯಿ ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದೆ. ಮಧ್ಯಾಹ್ನ ನೋಡುತ್ತೇನೆ, ಅಜ್ಜ ಮತ್ತು ಆ ನಾಲ್ವರು ಮೈತುಂಬ ಧೂಳಾಗಿ ಎದುರಿಗೆ ನಿಂತಿದ್ದಾರೆ! ಗಾಡಿ ಇದ್ದವರೇ, ಆದರೆ ಸೋಮವಾರ ಎತ್ತು ಹೂಡುವಂತಿಲ್ಲ. ಎಪ್ಪತ್ತರ ಮುದುಕ ಮೂರು ಹರದಾರಿ ನಡೆದೇ ಬಂದಿದ್ದರು. ಅಂಗಡಿಯ ಮುಂದೆಯೇ ಕೂತು ಅರ್ಧ ಹೊಸೆದ ಹಗ್ಗ ಬಿಚ್ಚಿದರು.

"ನಿಮ್ಮ ಎಳಿ ಹಂಗ ಉಳದೈತ್ರಿ. ಹಿಡೀರಿ."

"ಗಿರಾಕಿ ಬರೂ ಹೊತ್ತಿನ್ಯಾಗ ಇದೇನ್ ಹಚ್ಚೀರೋ!" ಎಂದು ಅಂಗಡಿಯವನು ಬಾಯಿ ಬಾಯಿ ಬಡಿದುಕೊಂಡ. ಯಾರೂ ಕದಲಲಿಲ್ಲ. ಊರೆಲ್ಲ ನೋಡುತ್ತಿದ್ದಂತೆ ನಾನು ಕಟ್ಟೆ ಇಳಿದು ಎಳೆ ಹಿಡಿದೆ. ಅಂದಿನಿಂದ ಮುಟ್ಟಿಲ್ಲ. ಎಂಟು ತಿಂಗಳ ಮೇಲೆ ಅಬಲೂರಿಗೆ ಹೋದೆ. ಹೆಂಡತಿ ನನ್ನ ಮುಖವನ್ನೇ ನೋಡಿ, ಬಟ್ಟೆಯ ಗಂಟು ಕಟ್ಟಿದಳು.

ಯುದ್ಧ ಮುಗಿಯುವ ಹೊತ್ತಿಗೆ ಅಜ್ಜ ಕೆಮ್ಮಿನಿಂದ ಹಾಸಿಗೆ ಹಿಡಿದರು. ವೈದ್ಯರು ಒಂದು ಬಾಟಲಿ ಆಸವ, ಹುದುಗು ಬರಿಸಿ ಮಾಡಿದ ಔಷಧ, ಕಳಿಸಿದ್ದರು. ನಾನು ಹೋದಾಗ ಅದು ಬಿರಡೆ ತೆಗೆಯದೆ ತಲೆದೆಸೆಯಲ್ಲಿತ್ತು.

"ಮೂಸಿ ನೋಡು ತಮ್ಮಾ. ಅದು ಐತೇನು?"

ಮೂಸಿದೆ. "ಐತ್ರಿ ಅಜ್ಜಾರ. ಆದ್ರ ಇದು ಔಷಧ..."

"ಒಯ್ದು ಚೆಲ್ಲಿ ಬಾ. ವೈದ್ಯರಿಗೆ ಬ್ಯಾರೆ ಪುಡಿ ಕೇಳೂಣು."

ಹಿತ್ತಲ ಬೇಲಿಗೆ ಹೋದೆ. ಅಲ್ಲಿ ಯಾರೂ ಇರಲಿಲ್ಲ. ಸುಳ್ಳು ಯಾಕೆ ಹೇಳಲಿ, ಬಾಯಲ್ಲಿ ನೀರೂರಿತು. ಬಹಳ ಹೊತ್ತು ನಿಂತೆ. ಆಮೇಲೆ ಕೊನೆಯ ಹನಿಯವರೆಗೂ ಮಣ್ಣಿಗೆ ಸುರಿದು ಬಂದೆ.

ಅಜ್ಜ ನನ್ನ ಕೈ ಹಿಡಿದುಕೊಂಡರು. "ನನ್ನ ಮಗನ ಕೈಯಾಗ ಯಾಕ ಕೊಡ್ಲಿಲ್ಲ ಗೊತ್ತೇನು? ಅವ 'ಔಷಧ ಐತಿ, ಕುಡಿಯಪ್ಪಾ' ಅಂತಿದ್ದ. ನಾ ಕುಡೀತಿದ್ದೆ. ಬಿಟ್ಟು ಇಪ್ಪತ್ತು ವರ್ಷ ಆತು, ಆದ್ರೂ ಎರಡು ದಿನದಿಂದ ಈ ಬಾಟ್ಲಿ ಜೋಡಿ ಒಬ್ಬನ ಗುದ್ದಾಡಾಕತ್ತೇನಿ. ನೀ ಯಾವಾಗ ಬರ್ತಿ ಅಂತ ದಾರಿ ಕಾಯಾಕತ್ತಿದ್ದೆ."

ಇಷ್ಟು ವರ್ಷ ಅಜ್ಜ ಗೆದ್ದವರು, ನಾವು ಸೋಲುವವರು ಎಂದೇ ತಿಳಿದಿದ್ದೆ. "ನಾನೂ ಬೇಲಿ ಹತ್ರ ಭಾಳ ಹೊತ್ತು ನಿಂತಿದ್ದೆರಿ," ಅಂದೆ.

"ಗೊತ್ತೈತಿ. ಅದಕ್ಕ ನೀ ಬರೂತನಕ ನಾನೂ ಇಲ್ಲಿ ಎದ್ದು ಕುಂತಿದ್ದೆ," ಅಂದರು.

ಆ ಶ್ರಾವಣದಲ್ಲಿ ಅಜ್ಜ ತೀರಿಕೊಂಡರು. ಕುಡಿಯದೆ ಸತ್ತರು. ನನ್ನ ಸಂಸಾರ ಉಳಿಸಿಕೊಟ್ಟ ಆ ಮನುಷ್ಯನಿಗೆ ಒಂದೇ ಒಂದು ದಿನ ನಾನೂ ಆಸರೆಯಾದೆ. ಇದಕ್ಕಿಂತ ದೊಡ್ಡ ಮಾತು ಹೇಳಿಕೊಳ್ಳಲು ನನ್ನ ಬಾಳಿನಲ್ಲಿ ಇಲ್ಲ.