ಬಾಲದ ಮೇಲೆ ಹೊರಿಸಿದ ತಪ್ಪು

ಚನ್ನೇಶನಿಗೆ ದಣಿವಾಗಿತ್ತು. ಒಂದು ನಿದ್ದೆ ಹೊಡೆದು ಎದ್ದರೆ ಹೋಗುವಂಥ ದಣಿವಲ್ಲ. ಎರಡು ವಿಮಾನ ಕಟ್ಟಿ, ಎರಡನ್ನೂ ಗೋಣಿಚೀಲದಲ್ಲಿ ತುಂಬಿಕೊಂಡು ಮನೆಗೆ ತಂದವನು, ಐವತ್ತೊಂಬತ್ತನೇ ವಯಸ್ಸಿನಲ್ಲಿ ಮೂರನೆಯದರ ಮುಂದೆ ಪಾಲಿಶ್ ಪೇಪರ್ ಹಿಡಿದು ಕುಳಿತಾಗ ಆಗುವ ದಣಿವು. ಉತ್ಸಾಹ ಯಾವತ್ತೋ ಹೋಗಿತ್ತು. ಹಟವೂ ಅರ್ಧ ಇಳಿದಿತ್ತು. ಕೈ ಮಾತ್ರ ರೂಢಿಯ ಮೇಲೆ ರೆಕ್ಕೆಯನ್ನು ತಿಕ್ಕುತ್ತಿತ್ತು.

ಶಿಗ್ಗಾವಿಯಲ್ಲಿ ಅವನದು ಮೋಟಾರು ವೈಂಡಿಂಗ್ ಅಂಗಡಿ. ಸುಟ್ಟ ಪಂಪ್‌ಸೆಟ್ಟು ತಂದು ಕೆಡವಿದರೆ ಮೂರನೇ ದಿನ ತಾಮ್ರದ ತಂತಿ ಸುತ್ತಿ, ಗುಂಯ್ ಎನ್ನಿಸಿ ಕೊಡುತ್ತಿದ್ದ. ಆ ಕೆಲಸದಲ್ಲಿ ಅವನನ್ನು ಹಿಡಿಯುವವರು ನಾಲ್ಕು ತಾಲೂಕಿನಲ್ಲಿ ಇರಲಿಲ್ಲ. ಆದರೆ ಮನಸ್ಸು ಹತ್ತೊಂಬತ್ತನೇ ವಯಸ್ಸಿನಿಂದಲೂ ಆಕಾಶದಲ್ಲೇ. ಆಗ ವಾಯುಸೇನೆಗೆ ಸೇರಲೆಂದು ಬೆಳಗಾವಿಗೆ ಹೋಗಿದ್ದ. ಓಡು ಅಂದರು, ಓಡಿದ. ಲೆಕ್ಕ ಬಿಡಿಸು ಅಂದರು, ಬಿಡಿಸಿದ. ಕಡೆಗೆ ಟೇಪು ಸುತ್ತಿ ಎದೆ ಉಬ್ಬಿಸು ಅಂದರು. ಅರ್ಧ ಇಂಚು ಕಡಿಮೆ ಬಿತ್ತು. ತಿರುಗಿ ಬಂದು ತಂತಿ ಸುತ್ತಲು ಕುಳಿತವನು ಮೂವತ್ತೈದು ವರ್ಷ ತಲೆಯೆತ್ತಲಿಲ್ಲ. ಮಗಳು ತನುಜಾಳನ್ನು ಹಾನಗಲ್ಲಿಗೆ ಮದುವೆ ಮಾಡಿ ಕೊಟ್ಟು ಕೈ ತೊಳೆದುಕೊಂಡ ಮೇಲೆ ಒಂದು ದಿನ ಮೊಬೈಲಿನಲ್ಲಿ ಯಾರೋ ರಿಮೋಟ್ ಹಿಡಿದು ಮಂಚದಷ್ಟು ದೊಡ್ಡ ಯುದ್ಧವಿಮಾನ ಹಾರಿಸುವುದನ್ನು ಕಂಡ. ಅಂದಿನಿಂದ ಶುರುವಾಯಿತು ಗ್ರಹಚಾರ.

ಸಣ್ಣದರಿಂದ ಕಲಿಯೋಣ ಎನ್ನುವ ಬುದ್ಧಿ ಈ ಮನುಷ್ಯನಿಗೆ ಇಲ್ಲ. ಎರಡನೇ ಮಹಾಯುದ್ಧದ ಸ್ಪಿಟ್‌ಫೈರ್ ವಿಮಾನವೇ ಬೇಕು. ನಿಜವಾದ ವಿಮಾನದ ಐದರಲ್ಲೊಂದು ಪಾಲು ಅಳತೆ. ರೆಕ್ಕೆಯ ಈ ತುದಿಯಿಂದ ಆ ತುದಿಗೆ ಏಳು ಅಡಿ ನಾಲ್ಕಿಂಚು, ತೂಕ ಹತ್ತು ಕಿಲೋ. ನಕ್ಷೆಯನ್ನು ಜೆರಾಕ್ಸ್ ಅಂಗಡಿಯಲ್ಲಿ ತುಂಡು ತುಂಡಾಗಿ ದೊಡ್ಡದು ಮಾಡಿಸಿ, ಮನೆಯ ಪಡಸಾಲೆಯಲ್ಲಿ ಹಾಸಿ ಅಂಟಿಸಿದ. ಹುಲ್ಲು ಕೊಯ್ಯುವ ಮಷಿನ್ನಿನ ಎಂಜಿನ್ ಬಿಚ್ಚಿ, ಬೇಡದ್ದನ್ನೆಲ್ಲ ಕೊಯ್ದು ಹಗುರ ಮಾಡಿ, ಮೂಗಿಗೆ ಕೂರಿಸಿದ. ಅದರ ಹಿಂದೆಯೇ ಪೆಟ್ರೋಲ್ ಡಬ್ಬಿ. ಕಟ್ಟಿಗೆಯ ಕೆಲಸ ಮಾತ್ರ ಅವನ ಕೈಯಲ್ಲಿ ಆಗುವಂಥದ್ದಾಗಿರಲಿಲ್ಲ. ಅದಕ್ಕೆ ಸವಣೂರಿನ ಖಲಂದರನನ್ನು ಹಿಡಿದ.

ಖಲಂದರ ಎತ್ತಿನ ಚಕ್ಕಡಿ ಮಾಡುವ ಬಡಿಗ, ಚನ್ನೇಶನಿಗಿಂತ ಎಂಟು ವರ್ಷ ದೊಡ್ಡವನು. ಅವನ ಗರಗಸದ ಮೋಟಾರು ಸುಟ್ಟಾಗಲೆಲ್ಲ ಚನ್ನೇಶನೇ ಸುತ್ತಿಕೊಡುತ್ತಿದ್ದ. ಇಪ್ಪತ್ತು ವರ್ಷದ ಸ್ನೇಹ. ತಾನು ಕಟ್ಟುವ ಚಕ್ಕಡಿಯ ಅಚ್ಚಿನಷ್ಟೂ ತೂಗದ ವಿಮಾನಕ್ಕೆಂದು ತರಿಸಿದ ಬಾಲ್ಸಾ ಕಟ್ಟಿಗೆಯನ್ನು ಖಲಂದರ ಅಂಗೈಯಲ್ಲಿಟ್ಟು ನೋಡಿ, “ಇದು ಕಟ್ಟಿಗಿ ಅಲ್ರಿ, ಒಣಗಿದ ರೊಟ್ಟಿ,” ಅಂದ. ಆದರೂ ಎರಡು ತಿಂಗಳು ಕುಳಿತು ಒಂದೊಂದೇ ಪಕ್ಕೆಲುಬು ಕೊಯ್ದು ಕೂರಿಸಿ, ಬಾಲವನ್ನು ಒಂದು ಕೂದಲೆಳೆ ಸಂದಿ ಕಾಣದಂತೆ ಜೋಡಿಸಿಕೊಟ್ಟ. ಕೊಡುವಾಗ ಒಂದು ಮಾತು ಹೇಳಿದ.

“ಇದರ ತೂಕ ಗಾಡಿ ಹೊಡ್ಯಾವ ಇಳದ ಮ್ಯಾಲ ನೋಡ್ರಿ. ಹೊಡ್ಯಾವ ಮುಂದ ಕುಂತಾಗ ಎಂಥಾ ಚಕ್ಕಡಿನೂ ಸುಮ್ಮನ ಇರತೈತಿ. ಅವ ಇಳದ ಮ್ಯಾಲ ಹಿಂಭಾರ ಇದ್ರ ನೊಗ ಮ್ಯಾಲೆದ್ದು ಎತ್ತಿನ ಕುತ್ತಿಗಿ ಹಿಡೀತೈತಿ.”

ಚನ್ನೇಶ ನಕ್ಕುಬಿಟ್ಟ. “ಇದು ವಿಮಾನರಿ ಸಾಬರ. ಇದರಾಗ ಹೊಡ್ಯಾವ ಕುಂದರೂದs ಇಲ್ಲ.”

ವಿಮಾನದ ತೂಕ ಸರಿಯಿದೆಯೋ ಇಲ್ಲವೋ ನೋಡಲು ಒಂದು ಸ್ಟ್ಯಾಂಡು ಬೇಕು. ಎರಡು ಗೂಟ, ಅವುಗಳ ತಲೆಗೆ ರಬ್ಬರು. ರೆಕ್ಕೆಯ ಮುಂಗಡೆಯಿಂದ ಐದೂವರೆ ಇಂಚಿಗೆ ಗೆರೆ ಎಳೆದು, ಆ ಗೆರೆ ಗೂಟದ ಮೇಲೆ ಬರುವಂತೆ ವಿಮಾನವನ್ನು ಕೂರಿಸಬೇಕು. ಅತ್ತ ಮೂಗೂ ಬೀಳಬಾರದು, ಇತ್ತ ಬಾಲವೂ ಬೀಳಬಾರದು. ಮೊದಲ ಸಲ ಸ್ಟ್ಯಾಂಡಿಗೆ ಏರಿಸುವ ದಿನ ಹೆಂಡತಿ ಸುಧಾರಾಣಿ ಕುಂಕುಮದ ಬಟ್ಟಲು ಹಿಡಿದು ಬಂದಳು. ಮೂಗಿಗೆ ಕುಂಕುಮ ಹಚ್ಚಿ, “ಬರೇ ಉಡಿಲೆ ಯಾರನ್ನೂ ಎಬ್ಬಿಸಿ ಕಳಸಬಾರದ್ರಿ. ಉಡಿ ತುಂಬಬೇಕು,” ಅಂದಳು. ವಿಮಾನದ ಉಡಿಗೆ ಅಕ್ಕಿ, ಕೊಬ್ಬರಿ ಹಾಕಲಿಕ್ಕೆ ಬರುತ್ತದೆಯೇ? ಚನ್ನೇಶ ತಮಾಷೆಗೆ ಡಬ್ಬಿಯ ತುಂಬ ಪೆಟ್ರೋಲ್ ಹುಯ್ದು, “ತಗೋ, ತುಂಬಿತು ಇದರ ಉಡಿ,” ಅಂದ. ತಮಾಷೆ ರೂಢಿಯಾಯಿತು. ಅಂದಿನಿಂದ ಡಬ್ಬಿ ತುಂಬಿಸದೆ ಅವನು ವಿಮಾನವನ್ನು ಸ್ಟ್ಯಾಂಡಿಗೆ ಏರಿಸಲೇ ಇಲ್ಲ.

ತಡಸಕ್ಕೆ ಹೋಗುವ ದಾರಿಯಲ್ಲಿ ಪ್ಲಾಟು ಹಾಕಿ ಬಿಟ್ಟ ಒಂದು ಲೇಔಟು ಇದೆ. ಒಂದು ಮನೆಯೂ ಎದ್ದಿಲ್ಲ, ಗರಸು ಮಣ್ಣು ಹಾಕಿದ ನೆಟ್ಟನೆಯ ರಸ್ತೆ ಮಾತ್ರ ಇದೆ. ಎರಡು ವರ್ಷದ ಹಿಂದೆ, ಒಂದು ಭಾನುವಾರ ಬೆಳಿಗ್ಗೆ, ನಲವತ್ತು ಮಂದಿಯ ಎದುರು ವಿಮಾನ ಎದ್ದಿತು. ಹತ್ತು ನಿಮಿಷ ಹಾರಿತು. ಚನ್ನೇಶನ ಎದೆ ಅಂದು ಅಳತೆ ಮಾಡಿದ್ದರೆ ಎಷ್ಟು ಇಂಚು ಬರುತ್ತಿತ್ತೋ. ಇಳಿಸಲೆಂದು ವೇಗ ತಗ್ಗಿಸಿದಾಗ ಮೂಗು ತಟಕ್ಕನೆ ಮೇಲೆದ್ದಿತು, ಒಂದು ರೆಕ್ಕೆ ವಾಲಿತು, ವಿಮಾನ ಗರಸಿನ ಮೇಲೆ ಬಿದ್ದು ಬಾಲ ಕಿತ್ತು ದೂರ ಹೋಯಿತು.

ಬಿದ್ದದ್ದರಿಂದ ಬಾಲ ಮುರಿಯಿತೋ, ಬಾಲ ಮುರಿದದ್ದರಿಂದ ಬಿದ್ದಿತೋ ಎಂದು ಯೋಚಿಸುವಷ್ಟು ಹೊತ್ತೂ ಅವನು ಕಾಯಲಿಲ್ಲ. ಕುಣಿಯಲಾರದವಳು ಅಂಗಳ ಡೊಂಕು ಅಂದಳಂತೆ. ಬಾಲವನ್ನು ಎತ್ತಿ ಹಿಡಿದು, ನಲವತ್ತು ಮಂದಿಗೂ ಕೇಳುವಂತೆ ಹೇಳಿದ: “ನೋಡ್ರಿ ಸಾಬರ, ನಿಮ್ಮ ಜೋಡಣಿ ಕೈ ಕೊಟ್ತು. ಚಕ್ಕಡಿ ಮಾಡಾವರ ಕೈಯಾಗ ಇಂಥಾ ಕೆಲಸ ಕೊಡಬಾರದಿತ್ತು.”

ಖಲಂದರ ಅವನ ಕೈಯಿಂದ ಬಾಲವನ್ನು ತೆಗೆದುಕೊಂಡು, ಸವಣೂರಿನ ಬಸ್ಸು ಹತ್ತಿ ಹೋದ. ಅಲ್ಲಿಂದ ಮಾತು ನಿಂತಿತು. ಗರಗಸದ ಮೋಟಾರೂ ಬರುವುದು ನಿಂತಿತು.

ಎರಡನೇ ವಿಮಾನದ ಬಾಲವನ್ನು ಚನ್ನೇಶ ತಾನೇ ಮಾಡಿದ. ಮತ್ತೆ ಮುರಿಯಬಾರದೆಂದು ಒಂದಕ್ಕೆರಡು ಕಟ್ಟಿಗೆ, ಎರಡಕ್ಕೆ ಮೂರು ಪಟ್ಟು ಅಂಟು. ಅದೂ ಹಾರಿತು, ಅದೂ ಇಳಿಯುವಾಗಲೇ ಮೂಗೆತ್ತಿ ಬಿದ್ದಿತು. ಈ ಸಲ ಬಾಲ ಗಟ್ಟಿಯಾಗಿಯೇ ಉಳಿದಿತ್ತು, ಮುಂದಿನದೆಲ್ಲ ಪುಡಿಯಾಗಿತ್ತು. ಬಾಲವನ್ನು ಬೈಯಲು ಬರುವಂತಿರಲಿಲ್ಲವಾದ್ದರಿಂದ ಗಾಳಿಯನ್ನು ಬೈದ.

ಮೂರನೆಯದರ ಹೊತ್ತಿಗೆ ಸುಧಾರಾಣಿ ಕೂಡ ಸೋತಿದ್ದಳು. “ಇದೊಂದು ಆದ ಮ್ಯಾಲ ಬಿಟ್ಟಬಿಡ್ರಿ. ನಿಮ್ಮ ಮಾರಿ ನೋಡಾಕ ಆಗವಲ್ದು,” ಅಂದಳು. ಅವನೂ ಹೂಂ ಅಂದ. ಡಬ್ಬಿ ತುಂಬಿಸಿ, ವಿಮಾನವನ್ನು ಸ್ಟ್ಯಾಂಡಿಗೆ ಏರಿಸಿ, ಮೂಗೂ ಬಾಲವೂ ಸಮನಾಗಿ ನಿಲ್ಲುವುದನ್ನು ನೋಡಿ ಒಳಗೆ ಹೋಗಿ ಉಂಡು ಮಲಗಿದ.

ಎದ್ದು ಬಂದಾಗ ಪಡಸಾಲೆಯ ತುಂಬ ಪೆಟ್ರೋಲ್ ವಾಸನೆ. ರಬ್ಬರಿನ ಕೊಳವೆ ಜಾರಿ, ಡಬ್ಬಿಯಲ್ಲಿದ್ದದ್ದೆಲ್ಲ ಕೆಳಗಿಟ್ಟ ತಗಡಿನ ತಟ್ಟೆಗೆ ಇಳಿದಿತ್ತು. ಬಾಗಿಲು ಕಿಟಕಿ ತೆಗೆದು, ತಟ್ಟೆಯನ್ನು ಅಂಗಳಕ್ಕಿಟ್ಟು ತಿರುಗಿ ನೋಡಿದ. ವಿಮಾನದ ಬಾಲ ನೆಲಕ್ಕೆ ಕುಸಿದು, ಮೂಗು ಜಂತಿಯ ಕಡೆಗೆ ಎದ್ದಿತ್ತು. ಹೊಡೆಯುವವ ಇಳಿದು ಹೋದ ಹಿಂಭಾರದ ಚಕ್ಕಡಿ ನೊಗ ಎತ್ತಿ ನಿಲ್ಲುತ್ತದಲ್ಲ, ಹಾಗೆ.

ಚನ್ನೇಶ ಹೊಸ್ತಿಲ ಮೇಲೆ ಕುಳಿತುಬಿಟ್ಟ. ಮೂಗಿನ ಕಡೆ ಇರುವ ಅರ್ಧ ಕಿಲೋ ಪೆಟ್ರೋಲೇ ಹೊಡೆಯುವವ. ಏಳುವಾಗ ಅವನು ಇರುತ್ತಾನೆ, ತೂಕ ಸರಿ ಇರುತ್ತದೆ. ಹಾರುತ್ತ ಹಾರುತ್ತ ಪೆಟ್ರೋಲ್ ಉರಿದು ಹೋಗುತ್ತದೆ, ತೂಕ ಅರ್ಧ ಇಂಚಿಗಿಂತ ಹೆಚ್ಚು ಹಿಂದೆ ಸರಿಯುತ್ತದೆ, ಇಳಿಯುವ ಹೊತ್ತಿಗೆ ವಿಮಾನ ಹಿಂಭಾರ. ಖಾಲಿ ಡಬ್ಬಿಯಲ್ಲಿ ನೋಡಬೇಕಾದ ತೂಕವನ್ನು ಎರಡು ವರ್ಷದಿಂದ ಉಡಿ ತುಂಬಿ ನೋಡುತ್ತ ಬಂದಿದ್ದ. ಖಲಂದರ ಹೇಳಿದ್ದ, ತಾನು ನಕ್ಕಿದ್ದ. ನಕ್ಕದ್ದು ಸಾಲದೆಂದು ತಪ್ಪನ್ನು ಅವನ ತಲೆಗೇ ಕಟ್ಟಿದ್ದ. ಇಷ್ಟು ದಿನ ವಿಮಾನ ಕಟ್ಟಿ ದಣಿದಿದ್ದೇನೆ ಎಂದುಕೊಂಡಿದ್ದ. ದಣಿಸಿದ್ದು ಬೇರೆಯೇ ಇತ್ತು.

ಮರುದಿನ ಗೂಡ್ಸ್ ಆಟೋದಲ್ಲಿ ಗಾದಿ ಹಾಸಿ, ರೆಕ್ಕೆ ಬಿಚ್ಚಿದ ವಿಮಾನವನ್ನೂ ಸ್ಟ್ಯಾಂಡನ್ನೂ ಮಲಗಿಸಿಕೊಂಡು ಸವಣೂರಿಗೆ ಹೋದ. ಖಲಂದರನ ಹೆಂಡತಿ ಖತೀಜಾಬಿ ಬಾಗಿಲಲ್ಲೇ ನಿಂತು ಅವನನ್ನೂ ಆಟೋವನ್ನೂ ನೋಡಿ, “ಒಳಗ ಅದಾರ,” ಎಂದಷ್ಟೇ ಹೇಳಿ ಸರಿದಳು. ಛಪ್ಪರದಲ್ಲಿ ಚಕ್ಕಡಿ ಇರಲಿಲ್ಲ, ಮರದ ಹೊಟ್ಟೂ ಇರಲಿಲ್ಲ. ಗೋಡೆಯ ಮೊಳೆಗೆ ಆ ಮುರಿದ ಬಾಲ ತೂಗುತ್ತಿತ್ತು.

“ಬರ್ರಿ, ಕುಂದರ್ರಿ,” ಅಂದ ಖಲಂದರ. ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಚನ್ನೇಶನಿಗೆ ಕಷ್ಟವಾಯಿತು.

ಕೂರದೆ ನಿಂತೇ ಎಲ್ಲ ಹೇಳಿದ. ಉಡಿ ತುಂಬಿದ್ದು, ಕೊಳವೆ ಜಾರಿದ್ದು, ಮೂಗು ಎದ್ದದ್ದು. “ನಿಮ್ಮ ಜೋಡಣಿ ತಪ್ಪಲ್ರಿ ಸಾಬರ. ನನ್ನ ತೂಕ ತಪ್ಪಿತ್ತು.”

ಖಲಂದರ ಗೋಡೆಯ ಕಡೆ ನೋಡಿದ. “ಜೋಡಣಿ ಬಿಟ್ಟಿಲ್ರಿ ಅದು. ಬಾಜೂಕಿನ ಕಟ್ಟಿಗಿ ಮುರದೈತಿ. ನೂರು ಸಲ ತಗದು ನೋಡೇನಿ. ಆದ್ರೂ ನೀವು ಮಷಿನ್ನು ತಿಳದಾವ್ರು, ಮಂದಿ ಮುಂದ ಅಂದ್ರಿ. ನಂದs ಏನರ ತಪ್ಪಿರಬೇಕು ಅನಿಸ್ತು.” ಬಾಲದಿಂದ ಕಣ್ಣು ತೆಗೆದು ಅಂದ, “ಈಗ ಒಬ್ಬನ ಮುಂದ ಹೇಳಾಕತ್ತೀರಿ. ಅವತ್ತ ನಲವತ್ತ ಮಂದಿ ಇದ್ರು.”

“ಅವರ ಮುಂದನೂ ಹೇಳ್ತೇನಿ.”

ಖಲಂದರ ಆಟೋದ ಹತ್ತಿರ ಹೋಗಿ ವಿಮಾನದ ಬಾಲವನ್ನು ಬೆರಳಿನಿಂದ ತಟ್ಟಿ ನೋಡಿದ. “ಇಷ್ಟ್ಯಾಕ ಕಟ್ಟಿಗಿ ತುಂಬೀರಿ ಬಾಲದಾಗ?”

“ಮುರದೀತು ಅಂತ ಹೆದರಿಕಿ.”

“ಹೆದರಿ ಕಟ್ಟಿದ್ದು ಎಲ್ಲಾ ಭಾರ ಆಗತೈತಿ,” ಎಂದು ಖಲಂದರ ಚಾಣ ತೆಗೆದುಕೊಂಡು ಕುಳಿತ. ಸಂಜೆಯವರೆಗೆ ಬಾಲವನ್ನು ಕೆತ್ತಿ, ಟೊಳ್ಳು ಮಾಡಿ, ತನ್ನ ರೀತಿಯಲ್ಲಿ ಮತ್ತೆ ಜೋಡಿಸಿದ. ಮೊದಮೊದಲು ಅವನ ಕೈ ತಡೆತಡೆದು ಸಾಗುತ್ತಿತ್ತು. ಆಮೇಲೆ ಕೈಗೆ ಹಳೆಯದೆಲ್ಲ ನೆನಪಾಯಿತು. ಅಂಟು ಒಣಗಲು ಎರಡು ದಿನ ಬಿಟ್ಟು, ಮೂರನೇ ದಿನ ಖಾಲಿ ಡಬ್ಬಿಯಲ್ಲೇ ತೂಕ ನೋಡಿದರು. ಇನ್ನೂ ಒಂದಿಷ್ಟು ಹಿಂಭಾರವೇ ಇತ್ತು. ಖಲಂದರ ಛಪ್ಪರದ ಮೂಲೆಯಿಂದ ಎರಡು ಕಡಾಣಿ ತಂದ. ಗಾಲಿ ಕಳಚದಂತೆ ಅಚ್ಚಿನ ತುದಿಗೆ ಹಾಕುವ ಕಬ್ಬಿಣದ ಕೀಲುಗಳು. ಎಂಜಿನ್ನಿನ ಅಕ್ಕಪಕ್ಕ ಅವನ್ನು ಬಿಗಿದು ಮತ್ತೆ ಸ್ಟ್ಯಾಂಡಿಗೆ ಏರಿಸಿದರು. ಮೂಗು ಒಂದು ಕಾಳಿನಷ್ಟು ತಗ್ಗಿ ನಿಂತಿತು. “ಸಾಕು. ಚಕ್ಕಡಿನೂ ಇಷ್ಟs ಮುಂಭಾರ ಇರಬೇಕು,” ಅಂದ.

ಭಾನುವಾರ ಅದೇ ಲೇಔಟು. ಮಂದಿ ಹಿಂದಿನಷ್ಟು ಇರಲಿಲ್ಲ. ಎರಡು ಸಲ ಬಿದ್ದದ್ದನ್ನು ನೋಡಿದ ಮೇಲೆ ಮೂರನೆಯದಕ್ಕೆ ಯಾರು ಎದ್ದು ಬರುತ್ತಾರೆ? ಆದರೂ ಒಂದು ಇಪ್ಪತ್ತು ಜನ ಸೇರಿದ್ದರು, ಹಳಬರೇ. ಖಲಂದರ ದೂರದಲ್ಲಿ ಪ್ಲಾಟಿನ ಗಡಿಗಲ್ಲಿನ ಮೇಲೆ ಕುಳಿತಿದ್ದ.

ವಿಮಾನ ಎದ್ದಿತು. ಚನ್ನೇಶ ಬೇಕೆಂದೇ ಹೆಚ್ಚು ಹೊತ್ತು ಸುತ್ತಿಸಿದ, ಪೆಟ್ರೋಲ್ ತಳ ಕಾಣಲಿ ಎಂದು. ಆಮೇಲೆ ವೇಗ ತಗ್ಗಿಸಿದ. ಹಿಂದೆ ಮೂಗೆತ್ತಿದ ಜಾಗ ಬಂತು, ಮೂಗು ಏಳಲಿಲ್ಲ. ಗಾಲಿಗಳು ಗರಸಿಗೆ ಮುಟ್ಟಿದವು, ವಿಮಾನ ದೂಳೆಬ್ಬಿಸುತ್ತ ಓಡಿತು, ಬಾಲ ಮೆಲ್ಲಗೆ ಕೆಳಗೆ ಕುಳಿತಿತು. ಮಂದಿ ಚಪ್ಪಾಳೆ ಹೊಡೆದರು. ಚನ್ನೇಶನಿಗೆ ಅಷ್ಟೇನೂ ಸಂತೋಷವಾಗಲಿಲ್ಲ. ಇನ್ನೊಂದು ಕೆಲಸ ಬಾಕಿ ಇತ್ತು.

“ಒಂದು ಮಾತು ಹೇಳೋದೈತ್ರಿ,” ಎಂದು ದನಿ ಎತ್ತಿದ. “ಎರಡು ವರ್ಷದ ಹಿಂದ ಇಲ್ಲೇ ಬಾಲ ಮುರಿದಾಗ ಖಲಂದರಸಾಬರ ಜೋಡಣಿ ತಪ್ಪು ಅಂದಿದ್ದೆ. ತಪ್ಪು ಅವರದಲ್ಲ, ನಂದು.”

ಮಂದಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಲೇಔಟು ಕಾಯುವ ಅಂಬರೀಶ ತಲೆ ಕೆರೆದುಕೊಂಡ. “ಯಾವ ಬಾಲರಿ? ಬಿದ್ದಿದ್ದು ನೆನಪೈತಿ. ಬಾಲದ ಮಾತು ಯಾರಿಗೆ ನೆನಪಿರತೈತ್ರಿ? ಬಿಡ್ರಿ ಅದು, ಇನ್ನೊಂದ್ಸಲ ಹಾರಸ್ರಿ.”

ಹೌದು ಹೌದು, ಹಾರಸ್ರಿ ಎಂದರು ಉಳಿದವರೂ. ಒಬ್ಬನಿಗೂ ನೆನಪಿರಲಿಲ್ಲ. ನಲವತ್ತು ಮಂದಿ ಕೇಳಿ ಮನೆ ಮುಟ್ಟುವುದರೊಳಗೆ ಮರೆತ ಮಾತನ್ನು ಹೊತ್ತುಕೊಂಡು ತಿರುಗಿದವರು ಇಬ್ಬರೇ.

ಚನ್ನೇಶ ಖಲಂದರನ ಹತ್ತಿರ ಹೋದ. ಒಂದು ರೀತಿ ಹಗುರವಾದಂತೆ ನಕ್ಕು, “ಯಾರಿಗೂ ನೆನಪs ಇಲ್ಲ ನೋಡ್ರಿ ಸಾಬರ,” ಅಂದ.

“ನನಗಿತ್ತಲ್ರಿ,” ಅಂದ ಖಲಂದರ. ಎದ್ದು ಪಂಚೆಯ ದೂಳು ಕೊಡವಿಕೊಂಡ. “ಅವತ್ತಿನ ಮರುವಾರ ಹಿರೇಬೆಂಡಿಗೇರಿಯಿಂದ ಬಂದಿದ್ರು, ಒಂದು ಚಕ್ಕಡಿ ಮಾಡಿಕೊಡು ಅಂತ. ನನ್ನ ಕೈಮ್ಯಾಲ ನನಗ ಭರೋಸಾ ಉಳದಿರಲಿಲ್ಲ. ಆಗೂದಿಲ್ಲ ಅಂದೆ. ಆ ಮ್ಯಾಲ ಯಾರೂ ಬರಲಿಲ್ಲ. ಅವ್ರು ಈಗ ಟ್ರ್ಯಾಕ್ಟರ್ ತಗೊಂಡಾರ.”

ಚನ್ನೇಶನ ನಗು ಮುಖದಲ್ಲೇ ಒಣಗಿತು.

ಖಲಂದರ ವಿಮಾನದ ಹತ್ತಿರ ಬಗ್ಗಿ, ಬಾಲದ ಜೋಡಣೆಯ ಮೇಲೆ ಹೆಬ್ಬೆರಳು ಆಡಿಸಿ ನೋಡಿದ. ಎಲ್ಲೂ ಬಿಟ್ಟಿರಲಿಲ್ಲ. “ಇನ್ನೊಂದ್ಸಲ ಬ್ಯಾಡ್ರಿ ಇವತ್ತ. ಬಿಸಲಾತು, ಒಯ್ಯೋಣ ಬರ್ರಿ,” ಅಂದ.

ಕಡಾಣಿ ಹಾಕಿದ ಮೇಲೆ ಮೂಗಿನ ಕಡೆಯೇ ಹೆಚ್ಚು ಭಾರ. ಖಲಂದರ ಆ ಕಡೆಗೆ ಕೈ ಹಾಕುವುದರೊಳಗೆ ಚನ್ನೇಶ ಹೋಗಿ ಹಿಡಿದುಕೊಂಡ.