ಜಯಾಳಿಗೆ ಕಾಣುವಂಥ ಬೆಂಡು

ನಮ್ಮ ಮನೆಯ ಪಾತ್ರೆಗಳು ಮೂರು ತಲೆಮಾರಿನಿಂದ ಮೀನಿನ ಮುಖ ಕಂಡಿಲ್ಲ. ಮೊಟ್ಟೆ ಹಾಕಿದ ಕೇಕು ತಂದರೂ ಹಿತ್ತಿಲಿನಲ್ಲೇ ತಿಂದು, ಬಾಯಿ ತೊಳೆದು ಒಳಗೆ ಬರಬೇಕೆನ್ನುವ ಮನೆ. ಇಂಥ ಮನೆಯ ಬಚ್ಚಲ ಬಕೆಟ್ಟಿನಲ್ಲಿ ಈ ವರ್ಷ ತೇಲಿದಷ್ಟು ಗಾಳದ ಬೆಂಡುಗಳು ಹೇಮಾವತಿ ಹೊಳೆಯಲ್ಲೂ ತೇಲಿರಲಾರವು. ಅವನ್ನು ಮಾಡಿದವಳು ನಾನೇ. ಎಪ್ಪತ್ತು ದಾಟಿದ, ಕಾನ್ವೆಂಟಿನಲ್ಲಿ ಓದಿದ, ಹಾಗಲಕಾಯಿಗೂ ‘ಸಾರಿ’ ಹೇಳಿ ಹೆಚ್ಚುವ ಹೆಂಗಸು.

ಬೆಂಡು ಎಂದರೆ ಗೊತ್ತಲ್ಲ? ಗಾಳದ ದಾರಕ್ಕೆ ಕಟ್ಟಿ ನೀರಿನ ಮೇಲೆ ಬಿಡುವ ಹಗುರವಾದ ತುಂಡು. ಕೆಳಗೆ ಮೀನು ಕಚ್ಚಿದರೆ ಮೇಲೆ ಇದು ಮುಳುಗಿ ಸುದ್ದಿ ಕೊಡಬೇಕು. ಅಷ್ಟೇ ಅದರ ಡ್ಯೂಟಿ. ನಾವು ಸುಮ್ಮನೆ ‘ಬಳಲಿ ಬೆಂಡಾದೆ’ ಎನ್ನುತ್ತೇವೆ. ನಾನು ಕಂಡ ಮಟ್ಟಿಗೆ ಬೆಂಡಿನಷ್ಟು ಬಳಲದ ವಸ್ತು ಇನ್ನೊಂದಿಲ್ಲ. ಎಷ್ಟು ಸಲ ಅದುಮಿದರೂ ಮೇಲೆದ್ದು ‘ಪ್ರೆಸೆಂಟ್ ಸಿಸ್ಟರ್’ ಎನ್ನುತ್ತದೆ.

ಇದೆಲ್ಲ ಶುರುವಾದದ್ದು ಜಯಾಳಿಂದ. ಜಯಾ ನಮ್ಮ ಎದುರು ಮನೆಯವಳು. ಹುಟ್ಟೂರು ಹಳೇಕೋಟೆ. ಹೊಳೆನರಸೀಪುರದಲ್ಲಿ ನರ್ಸಾಗಿದ್ದು, ಅರ್ಧ ಊರನ್ನು ತನ್ನ ಕೈಯಿಂದಲೇ ಭೂಮಿಗೆ ಬರಮಾಡಿಕೊಂಡು ರಿಟೈರ್ ಆದವಳು. ಅವಳ ಮನೆಯ ಗೋಡೆಯ ಮೇಲೆ ಬುದ್ಧನೂ ಮನೆದೇವರೂ ಅಕ್ಕಪಕ್ಕ ಜಗಳವಿಲ್ಲದೆ ಇದ್ದಾರೆ. ಅದೇ ಗೋಡೆಯ ಮೂಲೆಯಲ್ಲಿ ಎರಡು ಬಿದಿರಿನ ಗಾಳದ ಕೋಲುಗಳು ಒರಗಿರುತ್ತಿದ್ದವು. ಸಂಜೆಯಾದರೆ ಹೊಳೆದಂಡೆಯೇ ಅವಳ ಕ್ಲಬ್ಬು. ನಾನು ಪಕ್ಕದಲ್ಲಿ ಕುಳಿತು ಕ್ರೋಶಾ ಹಾಕುತ್ತಿದ್ದೆ. ಅವಳು ಮೀನು ಎತ್ತಿದಾಗ ನಾನು ಕಣ್ಣು ಮುಚ್ಚುತ್ತಿದ್ದೆ. ನನ್ನ ಮಾತು ಜಾಸ್ತಿಯಾದಾಗ ಅವಳು ಕಿವಿ ಮುಚ್ಚುತ್ತಿದ್ದಳು. ಹೀಗಾಗಿ ಫ್ರೆಂಡ್‌ಶಿಪ್ ಚೆನ್ನಾಗಿ ನಡೆಯಿತು.

ಹೋದ ವರ್ಷ ಅವಳ ಕಣ್ಣು ಕೈಕೊಟ್ಟಿತು. ಪೊರೆಯಾಗಿದ್ದರೆ ಆಪರೇಷನ್ ಮಾಡಿಸಬಹುದಿತ್ತು. ಇದು ಕಣ್ಣಿನ ಹಿಂದಿನ ಪರದೆಯ ತೊಂದರೆ. ನೋಟದ ನಟ್ಟನಡುವೆ ಒಂದು ಮಸುಕು, ಸುತ್ತಮುತ್ತಲದು ಮಾತ್ರ ಕಾಣುತ್ತದೆ. ಇರುವ ದೃಷ್ಟಿಯನ್ನು ಕಾಪಾಡಿಕೊಳ್ಳೋಣ, ಯಾವುದನ್ನೂ ನೇರವಾಗಿ ನೋಡಬೇಡಿ, ಸ್ವಲ್ಪ ಪಕ್ಕಕ್ಕೆ ನೋಡುವುದನ್ನು ಅಭ್ಯಾಸ ಮಾಡಿ ಎಂದರಂತೆ ಹಾಸನದ ಡಾಕ್ಟರು.

“ಎದುರ್ಗಡೆ ಇರೋರ ಮೂತಿ ಕಾಣಾಕಿಲ್ಲ, ಪಕ್ಕದೋರ ಓಲೆ ಕಾಣ್ತದೆ. ಎಂಗೈತೆ ನೋಡೇ ನನ್ ಯೋಗ!” ಎಂದು ಜಯಾ ನಕ್ಕಳು.

ಆ ನಗು ಬಹಳ ದಿನ ಬಾಳಲಿಲ್ಲ. ಒಂದು ಸಂಜೆ ಕೋಲುಗಳೆರಡನ್ನೂ ಹೊತ್ತುಕೊಂಡು ಬಂದು ನನ್ನ ಹಿತ್ತಿಲಿನಲ್ಲಿ ಹಾಕಿದಳು. “ತಗಾ ವಿಮಲಾ, ನಿನ್ ಹಾಗಲ ಬಳ್ಳಿಗೆ ಊರ್ಕೋ. ಬೆಂಡೇ ಕಾಣ್ದಿದ್ ಮ್ಯಾಲೆ ಗಾಳ ಹಾಕಿ ಏನ್ ಮಾಡಾದು? ಮುಗೀತು ಕಣೇ.”

ಅವಳೆದುರಿಗೆ ಒಂದು ಕೋಲನ್ನು ಬಳ್ಳಿಗೆ ಊರಿದೆ. ಅವಳು ಅತ್ತ ಹೋದ ಮೇಲೆ ಇನ್ನೊಂದನ್ನು ತಂದು ಬಾಗಿಲ ಹಿಂದೆ ನಿಲ್ಲಿಸಿದೆ. ಅಂದಿನಿಂದ ಜಯಾ ಸಂಜೆ ಹೊತ್ತು ಕದ ಹಾಕಿಕೊಂಡು, ಟಿವಿ ಕಾಣಲೆಂದು ಟಿವಿಯ ಪಕ್ಕದ ಗೋಡೆಯನ್ನು ನೋಡುತ್ತ ಕೂರತೊಡಗಿದಳು. ಹೊಳೆದಂಡೆಯಲ್ಲಿ ನಾನೊಬ್ಬಳೇ ಕುಳಿತರೆ ಕ್ರೋಶಾ ದಾರ ಕೂಡ ಸಿಕ್ಕುಗಟ್ಟುತ್ತಿತ್ತು. ಬೆಂಡು ಕಾಣುವುದಿಲ್ಲ ಎಂಬುದು ತಾನೇ ತೊಂದರೆ? ಕಾಣುವಂಥ ಬೆಂಡು ಮಾಡಿದರಾಯಿತು ಎಂದುಕೊಂಡೆ. ಕಾನ್ವೆಂಟ್ ಓದಿನ ದೋಷವೇ ಇದು. ಎಲ್ಲ ಪ್ರಾಬ್ಲಮ್ಮಿಗೂ ಕ್ರಾಫ್ಟ್ ಪಿರಿಯಡ್ಡಿನಲ್ಲಿ ಉತ್ತರವಿದೆ ಎಂದು ನಂಬಿಸಿಬಿಟ್ಟಿರುತ್ತಾರೆ.

ಹಾಸನದ ನಮ್ಮ ಕಾನ್ವೆಂಟಿನಲ್ಲಿ ನೀಡಲ್‌ವರ್ಕ್ ಹೇಳಿಕೊಡುತ್ತಿದ್ದ ಸಿಸ್ಟರ್ ಆಗ್ನೆಸ್ ಕಸೂತಿಯ ಮುಂಭಾಗವನ್ನು ನೋಡುತ್ತಲೇ ಇರಲಿಲ್ಲ. ಬಟ್ಟೆಯನ್ನು ತಿರುಗಿಸಿ, ಹಿಂದಿನ ಗಂಟುಗಳನ್ನು ನೋಡಿ ಮಾರ್ಕ್ಸ್ ಕೊಡುತ್ತಿದ್ದರು. ಆ ಮಧ್ಯಾಹ್ನಗಳ ಗಂಜಿ ಹಾಕಿದ ಬಟ್ಟೆಯ ವಾಸನೆ, ಉದ್ದ ಕಿಟಕಿಯ ಬಿಸಿಲು, ದೂರದಲ್ಲಿ ಯಾರೋ ತಪ್ಪುತಪ್ಪಾಗಿ ನುಡಿಸುತ್ತಿದ್ದ ಪಿಯಾನೋ! ಆ ಕಿಟಕಿಯ ಕೆಳಗೆ ಕೂರುತ್ತಿದ್ದ ಹುಡುಗಿಯರಲ್ಲಿ ಎಷ್ಟೋ ಜನ ಈಗ ಇಲ್ಲ. ಸೂಜಿಗೆ ದಾರ ಪೋಣಿಸುವ ನನ್ನ ಬೆರಳುಗಳು ಮಾತ್ರ ಇನ್ನೂ ಅಟೆಂಡೆನ್ಸ್ ಹಾಕುತ್ತಿವೆ.

ಅಂಗಡಿಯ ಪ್ಲಾಸ್ಟಿಕ್ ಬೆಂಡಿನ ತುದಿ ಬೆಂಕಿಕಡ್ಡಿಯ ತಲೆಯಷ್ಟಿರುತ್ತದೆ. ಜಯಾಳ ಮಸುಕು ಅಂಥ ಹತ್ತನ್ನು ನುಂಗಿ ನೀರು ಕುಡಿದೀತು. ನನಗೆ ಬೇಕಾದ ಸಾಮಾನೆಲ್ಲ ಮನೆಯಲ್ಲೇ ಸಿಕ್ಕಿತು. ಮಿಕ್ಸಿ ಬಂದ ಡಬ್ಬದ ಥರ್ಮೋಕೋಲು, ದೇವರ ಮುಂದೆ ಉರಿದುಳಿದ ಊದುಬತ್ತಿ ಕಡ್ಡಿ. ದಾರಕ್ಕೆ ಬೆಂಡನ್ನು ಸಿಕ್ಕಿಸಲು ಸೈಕಲ್ ಅಂಗಡಿಯವನು ಸುಮ್ಮನೆ ಕೊಟ್ಟ ರಬ್ಬರ್ ಟ್ಯೂಬಿನ ಚೂರು. ಮರ್ಯಾದೆಯೊಂದನ್ನು ಬಿಟ್ಟರೆ ಬೇರೆ ಖರ್ಚಿಲ್ಲ. ಥರ್ಮೋಕೋಲನ್ನು ಗೋಲಿಯಂತೆ ಉಜ್ಜಿ, ಕಡ್ಡಿ ತೂರಿಸಿ, ಕಣ್ಣಿಗೆ ಹೊಡೆಯಲೆಂದು ಕೆಂಪು ನೈಲ್ ಪಾಲಿಶ್ ಬಳಿದೆ. ನೋಡನೋಡುತ್ತ ಅದು ಸುಕ್ಕಾಗಿ, ಕುಗ್ಗಿ, ಒಣದ್ರಾಕ್ಷಿಯಾಯಿತು. ನೈಲ್ ಪಾಲಿಶ್ ಥರ್ಮೋಕೋಲನ್ನು ತಿಂದುಹಾಕುತ್ತದೆ ಎಂದು ಯಾವ ಸಿಸ್ಟರೂ ಹೇಳಿರಲಿಲ್ಲ. ಹೇಗೆ ಹೇಳಿಯಾರು? ನೈಲ್ ಪಾಲಿಶ್ ಹಚ್ಚಿದ ಬೆರಳಿಗೆ ಅಲ್ಲಿ ಸ್ಕೇಲಿನ ಏಟು ಬೀಳುತ್ತಿತ್ತು.

ಬಣ್ಣ ಬೇಡ, ಬಟ್ಟೆ ತೊಡಿಸೋಣ ಎಂದು ನಿಂಬೆಹಣ್ಣಿನ ಗಾತ್ರದ ಥರ್ಮೋಕೋಲ್ ಉಂಡೆಗೆ ಕೆಂಪು ಉಲ್ಲನ್ನಿನ ಕವರ್ ಹೆಣೆದೆ. ಬಕೆಟ್ಟಿನಲ್ಲಿ ಅದು ರಾಜಗಾಂಭೀರ್ಯದಿಂದ ತೇಲಿತು. ಬಟ್ಟೆ ಅಂಗಡಿ ಮುಚ್ಚಿ ಮನೆಯಲ್ಲಿರುವ ನಮ್ಮ ಯಜಮಾನರು ಟವೆಲ್ ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. “ಈ ಬಕೆಟ್ ನನಗೆ ಸಿಗುತ್ತೇನೆ, ಇಲ್ಲಾ ಇದು ಮರಿ ಹಾಕೋವರೆಗೂ ಕಾಯಬೇಕಾ?” ಎಂದರು.

ಜಯಾ ಅದನ್ನು ಕೈಯಲ್ಲಿ ತಡವಿ ನೋಡಿದಳು. “ಇದೇನೇ, ಗಾಳ ಹಾಕ್ತೀಯೋ ಬಾಣಂತನ ಮಾಡ್ತೀಯೋ? ಕುಲಾವಿ ತೊಡ್ಸಿದ್ದೀಯಲ್ಲೇ ಇದ್ಕೆ!” ಆಮೇಲೆ ಮೆತ್ತಗೆ, “ಕಾಣ್ತದೆ ಕಣೇ, ಇಲ್ಲಾಂತಲ್ಲ. ಆದ್ರೆ ಇದನ್ನ ಮುಳುಗ್ಸಾಕೆ ಮೊಸಳೇನೇ ಬರ್ಬೇಕು” ಎಂದಳು.

ಅವಳು ಹೇಳಿದ್ದು ಸರಿ. ಸಣ್ಣ ಬೆಂಡನ್ನು ಮೀನು ಎಳೆಯಬಲ್ಲುದು, ಜಯಾ ಕಾಣಲಾರಳು. ದೊಡ್ಡದನ್ನು ಜಯಾ ಕಾಣಬಲ್ಲಳು, ಮೀನು ಎಳೆಯಲಾರದು. ನಾನು ಮೀನ ಮೇಷ ಎಣಿಸುತ್ತ ಕುಳಿತೆ. ಆಗ ಅರ್ಜುನ ನೆನಪಾದ. ನೀರಿನೊಳಗಿನ ನೆರಳು ನೋಡಿ ಮೇಲಿನ ಮೀನಿನ ಕಣ್ಣಿಗೆ ಬಾಣ ಬಿಟ್ಟನೆಂದು ಅವನನ್ನು ಅಷ್ಟು ಹೊಗಳುತ್ತೇವೆ. ಹರೆಯದಲ್ಲಿ ಯಾರು ಬೇಕಾದರೂ ಹೊಡೆದಾರು, ಎಪ್ಪತ್ತರಲ್ಲಿ ಹೊಡೆದು ತೋರಿಸಲಿ ಎಂದು ಮೊದಲು ಸಿಟ್ಟು ಬಂತು. ಆಮೇಲೆ ಹೊಳೆಯಿತು: ಅವನೂ ಮೀನನ್ನು ನೇರವಾಗಿ ನೋಡಲಿಲ್ಲವಲ್ಲ! ಹಾಸನದ ಡಾಕ್ಟರ ಸಲಹೆ ಪಾಂಚಾಲ ದೇಶದಲ್ಲಿ ಆಗಲೇ ಚಾಲ್ತಿಯಲ್ಲಿತ್ತು.

ಆ ವಾರ ನನ್ನ ನಾದಿನಿ ದಂಡಿಗನಹಳ್ಳಿಯಿಂದ ತೆಂಗಿನಕಾಯಿ ಚೀಲದ ಜೊತೆಗೆ ತೋಟದಲ್ಲಿ ಉದುರಿದ್ದ ನವಿಲುಗರಿಗಳನ್ನು ತಂದಳು. ಇಂದ್ರ ತನ್ನ ಸಾವಿರ ಕಣ್ಣುಗಳನ್ನು ನವಿಲಿಗೆ ದಾನ ಮಾಡಿದನೆಂದು ಕಥೆ. ನಾನು ಆ ಕಣ್ಣಿರುವ ತುದಿಯನ್ನೇ ಕತ್ತರಿಸಿ ಪಕ್ಕಕ್ಕಿಟ್ಟೆ. ಎಳೆಗಳನ್ನು ಸವರಿದ ಮೇಲೆ ಉಳಿದದ್ದು ಗೇಣುದ್ದದ ಬಿಳಿ ದಂಟು. ಹಗುರ, ನೀರು ಕುಡಿಯುವುದಿಲ್ಲ, ನೈಲ್ ಪಾಲಿಶ್‌ಗೆ ಹೆದರುವುದಿಲ್ಲ. ಸಂಜೆ ಹೊಳೆಯುವ ನೀರಿನ ಮೇಲೆ ಕೆಂಪಿಗಿಂತ ಕಪ್ಪು ಎದ್ದು ಕಾಣುತ್ತದೆ ಎಂದು ಜಯಾ ಹೇಳಿದ್ದಳು. ಫ್ಯಾನ್ಸಿ ಸ್ಟೋರಿನ ಹುಡುಗಿ ಕಪ್ಪು ನೈಲ್ ಪಾಲಿಶ್ ಕೈಗಿಡುತ್ತ “ನಿಮಗಾ ಆಂಟಿ?” ಎಂದಳು. “ಎಸ್, ವೈ ನಾಟ್?” ಎಂದು ಬಂದೆ.

ಇನ್ನುಳಿದದ್ದು ಬೆಂಡು ನೆಟ್ಟಗೆ ನಿಲ್ಲಲೆಂದು ದಾರಕ್ಕೆ ಭಾರವಾಗಿ ಕಟ್ಟುವ ಸೀಸದ ಗುಂಡು. ಅದನ್ನು ಬೆಂಡಿನ ಹತ್ತಿರ, ಮೇಲೆಯೇ ಕಟ್ಟುವುದು ಜಯಾಳ ಕ್ರಮ. ನಾನು ಸೀರೆಯ ಸೆರಗಿಗೆ ಕುಚ್ಚು ಕಟ್ಟಿ ಅಭ್ಯಾಸವಾದವಳು. ಮಣಿ ಇರಬೇಕಾದ್ದು ತುದಿಯಲ್ಲಿ. ಕೊಕ್ಕೆಗಿಂತ ಎರಡು ಬೆರಳು ಮೇಲೆ ಚಂದವಾಗಿ ಕೂರಿಸಿದೆ. ಸಿಸ್ಟರ್ ಆಗ್ನೆಸ್ ಇದ್ದಿದ್ದರೆ ಗಂಟು ನೋಡಿ ಫುಲ್ ಮಾರ್ಕ್ಸ್ ಕೊಡುತ್ತಿದ್ದರು.

ಬಾಗಿಲ ಹಿಂದಿನ ಕೋಲನ್ನು ಎತ್ತಿಕೊಂಡು, “ಒಂದೇ ಒಂದ್ಸಲ ಬಾರೇ” ಎಂದು ಕಾಡಿ ಜಯಾಳನ್ನು ಹೊರಡಿಸಿದೆ. “ನಿನ್ ಮಕ ನೋಡಿ ಬತ್ತೀನಿ. ಅದೂ ಕಾಣಾಕಿಲ್ಲ” ಎಂದು ಗೊಣಗುತ್ತ ಬಂದಳು. ಹೊಳೆಯ ನೀರು ತಿರುಗಿ ನಿಲ್ಲುವ ಮಡುವಿನ ಬಳಿ ಕುಳಿತೆವು. ದಾರ ತಡವುತ್ತ ಹೋದ ಅವಳ ಬೆರಳು ಸೀಸದ ಬಳಿ ನಿಂತಿತು.

“ಅಯ್ಯೋ ಪುಣ್ಯಾತಿಗಿತ್ತಿ, ಸೀಸನ ಇಲ್ಲ್ಯಾಕೆ ಕೂರ್ಸಿದ್ದೀಯೇ?”

“ಬಿಚ್ಚಲಾ?”

“ಬ್ಯಾಡ ಬಿಡು, ಕತ್ತಲಾಯ್ತದೆ. ಎಂಗಿದ್ರೂ ಸಿಕ್ಕಾಕಿಲ್ಲ.”

ಎರೆಹುಳುವನ್ನು ನಾನು ಮುಟ್ಟುವವಳಲ್ಲ. ಗೋಧಿಹಿಟ್ಟಿಗೆ ಬೆಲ್ಲ ಹಾಕಿ ಕಲಸಿ ತಂದಿದ್ದೆ. ನಮ್ಮ ಆತಿಥ್ಯದಲ್ಲಿ ಮೀನಿಗೂ ಸಸ್ಯಾಹಾರವೇ. ಜಯಾ ಉಂಡೆ ಸಿಕ್ಕಿಸಿ ಗಾಳ ಬಿಟ್ಟಳು. ಸೀಸ ಹೊಳೆಯ ತಳಕ್ಕೆ ತಾಗಿತು. ನವಿಲಿನ ದಂಟು ನೀರಿನ ಮೇಲೆ ಕಪ್ಪು ತಲೆ ಎತ್ತಿ ಅಸೆಂಬ್ಲಿಯಲ್ಲಿ ನಿಂತ ಹುಡುಗಿಯಂತೆ ನೆಟ್ಟಗೆ ನಿಂತಿತು. ಜಯಾ ಅದರ ಪಕ್ಕದ ಬಂಡೆಯನ್ನು ನೋಡುತ್ತ ಕುಳಿತಳು. ನಾನು ಮಾತಾಡಲಿಲ್ಲ. ಅದು ನನಗೆ ಎಷ್ಟು ಕಷ್ಟವೆಂದು ನಿಮಗೆ ಗೊತ್ತಾಗಿರಬೇಕು.

ಸ್ವಲ್ಪ ಹೊತ್ತಿಗೆ ನನ್ನ ಬೆಂಡು ಒಮ್ಮೆ ನಡುಗಿ, ಮುಳುಗುವ ಬದಲು ಮೇಲೆದ್ದು, ನೀರಿನ ಮೇಲೆ ಉದ್ದಕ್ಕೆ ಅಡ್ಡಡ್ಡ ಮಲಗಿಬಿಟ್ಟಿತು.

“ಬಿತ್ತು ಜಯಾ! ಕೆಟ್ಟೇಹೋಯ್ತು!” ಎಂದು ನಾನು ಕೂಗುವಷ್ಟರಲ್ಲಿ ಅವಳು ಕೋಲು ಎತ್ತಿಯಾಗಿತ್ತು. ದಾರದ ತುದಿಯಲ್ಲಿ ಅಂಗೈ ಅಗಲದ ಗೆಂಡೆ ಮೀನು ಒದ್ದಾಡುತ್ತಿತ್ತು.

“ಮಲಗ್ತು ಕಣೇ! ನಿಂತಿದ್ದದ್ದು ಮಲಗ್ತು, ನಂಗೇ ಕಾಣಿಸ್ತು! ನೀನ್ ಯೋಳೋಕ್ ಮುಂಚೇನೇ ಕಾಣಿಸ್ಬುಡ್ತು!”

ನಾನು ‘ಥ್ಯಾಂಕ್ ಗಾಡ್’ ಎಂದೆ. ತಕ್ಷಣ ಮೀನಿಗೆ ‘ಸಾರಿ’ ಎಂದೆ. ದೇವರು ಎರಡರಲ್ಲಿ ಯಾವುದನ್ನು ಕೇಳಿಸಿಕೊಂಡನೋ ತಿಳಿಯದು.

ಆದದ್ದಿಷ್ಟೇ ಎಂದು ಜಯಾ ಆಮೇಲೆ ಬಿಡಿಸಿ ಹೇಳಿದಳು. ತಳದಲ್ಲಿದ್ದ ಉಂಡೆಯನ್ನು ಮೀನು ಬಾಯಿಗೆ ಹಾಕಿಕೊಂಡು ತಲೆ ಎತ್ತಿದಾಗ, ಪಕ್ಕದಲ್ಲೇ ಇದ್ದ ಸೀಸವೂ ಮೇಲೆದ್ದಿದೆ. ಕೆಳಗಿನ ಭಾರ ತಪ್ಪಿದ್ದೇ ಬೆಂಡು ಮಲಗಿದೆ. ಮುಳುಗುವ ಚುಕ್ಕಿಯನ್ನು ಅವಳ ಕಣ್ಣು ಹಿಡಿಯಲಾರದು. ನಿಂತ ಗೆರೆ ಮಲಗಿದರೆ ಓರೆನೋಟಕ್ಕೂ ದಕ್ಕುತ್ತದೆ. ನಾನು ಅಂದಿನಿಂದ ಊಟವಾದ ಮೇಲೆ ಅಡ್ಡಾಗಿ, ಯಜಮಾನರು ‘ಮತ್ತೆ ಮಲಗಿದೆಯಾ’ ಎಂದರೆ, ‘ಸರಿಯಾಗಿ ನೋಡಿ, ಏನೋ ಕಚ್ಚಿದೆ’ ಎನ್ನುತ್ತೇನೆ.

ಈಗ ಜಯಾ ಸಂಜೆ ಟಿವಿ ಹಾಕುವುದಿಲ್ಲ. ಹೋದ ವಾರ ನಮ್ಮ ಹಿತ್ತಿಲಿಗೆ ಬಂದು, ಬಳ್ಳಿಗೆ ಊರಿದ್ದ ಆ ಇನ್ನೊಂದು ಕೋಲನ್ನು ತಡವಿದಳು. ಹಾಗಲ ಬಳ್ಳಿ ಅದನ್ನು ತಬ್ಬಿ, ತುದಿಯವರೆಗೆ ಏರಿ, ಹೂವು ಕಾಯಿ ಬಿಟ್ಟು ಕುಳಿತಿದೆ.

“ಇದು ಯಾವಾಗೇ ಮುಗಿಯಾದು? ನಂಗೆ ಕೋಲು ಬೇಕು.”

“ಬಳ್ಳಿ ಕಿತ್ತುಬಿಡಲಾ?”

“ಛೀ, ಪಾಪ. ಕಾಯಿ ಬಿಟ್ಟಿರೋದನ್ನ ಕೀಳ್ತಾರಾ? ಬೇಗ್ ಬೇಗ್ನೆ ತಿಂದು ಮುಗ್ಸು ಕಣೇ.”

ಹಾಗಾಗಿ ನಮ್ಮಲ್ಲಿ ಈಗ ದಿನಾ ಹಾಗಲಕಾಯಿ. ಮೊನ್ನೆ ಗೊಜ್ಜು, ನಿನ್ನೆ ಪಲ್ಯ, ಇವತ್ತು ಮತ್ತೆ ಗೊಜ್ಜು. ಯಜಮಾನರು ಮುಖ ಕಿವಿಚುತ್ತಾರೆ. ಕಹಿಯನ್ನು ಇಷ್ಟು ಉತ್ಸಾಹದಿಂದ ತಿಂದು ಮುಗಿಸುವವಳು ಹೊಳೆನರಸೀಪುರದಲ್ಲಿ ಇನ್ನೊಬ್ಬಳಿರಲಾರಳು.