ಹತ್ತು ಗಂಟೆಗೆ ಬರೆದ ಪಟ್ಟಿ

ಜೋರಾಪುರ ಪೇಟೆಯ ಹುಡುಗಿಯರ ಹಾಸ್ಟೆಲಿಗೆ ವಾರ್ಡನ್ ಆರಿಸುವ ಕೆಲಸ ನಮ್ಮಿಬ್ಬರ ಮೇಲೆ ಬಿದ್ದಿತ್ತು. ನಾನು ನಿವೃತ್ತ ಪಿ.ಟಿ. ಮಾಸ್ತರ, ಇನ್ನೊಬ್ಬರು ನನ್ನ ಶಾಲೆಯಲ್ಲೇ ಗಣಿತ ಕಲಿಸಿದವರು. ಕೊನೆಗೆ ಉಳಿದವರು ಮೂವರು: ಗೋಳಗುಮ್ಮಟದ ಕಡೆಯವಳು, ತಿಕೋಟಾದವಳು, ಬಬಲೇಶ್ವರದವಳು. ತಿಕೋಟಾದವಳಿಗೆ ಕೆಲಸದ ಜೊತೆ ಇರಲು ಖೋಲಿಯೂ ಬೇಕಿತ್ತು. ಇದು ತಪ್ಪಿದರೆ ಅವಳ ಮಗಳನ್ನು ಶಾಲೆ ಬಿಡಿಸುತ್ತೇನೆಂದು, ಇಬ್ಬರನ್ನೂ ಮನೆಯಲ್ಲಿಟ್ಟುಕೊಂಡಿದ್ದ ಅಣ್ಣ ನಮ್ಮೆದುರೇ ಹೇಳಿ ಹೋಗಿದ್ದ.

ಕ್ರೀಡಾಕೂಟಗಳಲ್ಲಿ ಮೂವತ್ತು ವರ್ಷ ಮಾಡಿದಂತೆಯೇ ಮಾಡಿದೆ. ಓದು, ದಾಖಲೆ ಬರೆಯುವುದು, ಅಡುಗೆಯ ಉಸ್ತುವಾರಿ, ಜಡ್ಡಾದವರ ಆರೈಕೆ, ಹುಡುಗಿಯರನ್ನು ಸಂಭಾಳಿಸುವುದು. ಐದರಲ್ಲೂ ಒಂದು, ಎರಡು, ಮೂರು ಎಂದು ಸ್ಥಾನ ಕೊಟ್ಟು ಕೂಡಿಸುವುದು. ಕಡಿಮೆ ಬಂದವರು ಮೊದಲು. ಗುಮ್ಮಟದವಳಿಗೆ ಎಂಟು, ತಿಕೋಟಾದವಳಿಗೆ ಒಂಬತ್ತು, ಬಬಲೇಶ್ವರದವಳಿಗೆ ಹದಿಮೂರು. ಹತ್ತಕ್ಕೆ ಫಲಿತಾಂಶ ಎಂದಿದ್ದೆ. ಗಣಿತದವರು ಇನ್ನೂ ಬಂದಿರಲಿಲ್ಲ. ಹತ್ತಕ್ಕೆ ಹೊರಗಿನ ಹಲಗೆಯ ಮೇಲೆ ಪಟ್ಟಿ ಬರೆದೆ, ಗುಮ್ಮಟದವಳು ಮೊದಲು.

ಹತ್ತೂಕಾಲಿಗೆ ಬಬಲೇಶ್ವರದವಳ ಫೋನು. ಊರಲ್ಲೇ ಕೆಲಸ ಸಿಕ್ಕಿದೆ, ಬರುವುದಿಲ್ಲ. ಬಿಟ್ಟುಹೋದವರನ್ನು ತೆಗೆದು ಪಟ್ಟಿಯನ್ನು ಬೇರೆ ಹಾಳೆಯಲ್ಲಿ ಹೊಸದಾಗಿ ಬರೆಯುವುದು ನನ್ನ ರೂಢಿ. ಬರೆದೆ. ತಿಕೋಟಾ ಏಳು, ಗುಮ್ಮಟ ಎಂಟು. ಮತ್ತೆ ಕೂಡಿಸಿದೆ, ಅದೇ ಬಂತು. ಓದು, ದಾಖಲೆ ಎರಡರಲ್ಲೂ ತಿಕೋಟಾದವಳು ಮೂರನೆಯವಳಾಗಿದ್ದಳು. ನಡುವೆ ಇದ್ದ ಬಬಲೇಶ್ವರದವಳು ಹೋದದ್ದೇ ಇವಳು ಎರಡನೆಯವಳಾದಳು.

ಗಣಿತದವರು ಬಂದು ಎರಡೂ ಹಾಳೆ ನೋಡಿದರು. "ಓಟದಾಗ ಕಡೀಗೆ ಬಂದಾಕಿ ಮನೀಗೆ ಹೋದ್ರ ಮೊದಲನೇದಾಕಿ ಬದಲಾಗ್ತಾಳೇನ್ರಿ, ಮಾಸ್ತರ್ರ? ಸೀಟಿ ಊದೂ ಅವಸರ ನಿಮಗಿನ್ನೂ ಹೋಗಿಲ್ಲ."

ಕಿಟಕಿಯಾಚೆ ತಿಕೋಟಾದವಳು ಹಲಗೆ ಓದಿ, ಚೀಲ ಹೆಗಲಿಗೇರಿಸಿ ಗೇಟಿನತ್ತ ನಡೆದಿದ್ದಳು. ಗುಮ್ಮಟದವಳು ಬೆಂಚಿನ ಮೇಲೆ ಕುಳಿತು ಫೋನಿನಲ್ಲಿ ನಗುತ್ತಿದ್ದಳು.

ಐದೂ ವಿಷಯ ಸಮ ಎಂದು ಯಾರು ಹೇಳಿದರೆಂದು ಗಣಿತದವರು ಕೇಳಿದರು. ಎಣಿಸಲು ಸುಲಭವೆಂದಷ್ಟೇ ನಾನು ಸಮ ಮಾಡಿದ್ದೆ. ಅವರು ಎರಡೂ ಮೊತ್ತ ಹೊಡೆದುಹಾಕಿ, ಇಬ್ಬರನ್ನೇ ಎದುರುಬದುರು ಇಟ್ಟರು. ಗುಮ್ಮಟದವಳು ಮುಂದಿದ್ದದ್ದು ಓದು, ದಾಖಲೆಗಳಲ್ಲಿ. ಉಳಿದ ಮೂರರಲ್ಲಿ ತಿಕೋಟಾದವಳು.

"ಹುಡುಗಿಗೆ ಜ್ವರ ಬಂದ್ರ ರಿಜಿಸ್ಟರ್ ತೋರಸ್ತೀರೇನ್ರಿ?" ಎಂದರು.

ನಾನು ಗೇಟಿನ ತನಕ ಓಡಿದೆ. "ನಿಲ್ಲವ್ವಾ ತಂಗಿ. ಕೆಲಸ ನಿನ್ನದೈತಿ."

ಅವಳು ನಂಬದೆ ಹಲಗೆಯತ್ತ ಕೈಮಾಡಿದಳು. ಅದನ್ನು ಒರೆಸಿ ಬೆಂಚಿನ ಹತ್ತಿರ ಹೋದೆ. ತಪ್ಪು ನನ್ನದೆಂದು ಗುಮ್ಮಟದವಳಿಗೆ ಎಲ್ಲ ಹೇಳಿದೆ. ಅವಳು ಕರೆ ಕಡಿಯದೆ ಫೋನನ್ನು ನನ್ನ ಕೈಗೆ ಕೊಟ್ಟಳು.

"ನಮ್ಮವ್ವಗ ನೀವ ಹೇಳ್ರಿ ಸರ್."

ಆ ಕಡೆಯ ಹೆಂಗಸು ಮಗಳಿಗೆ ಕೆಲಸ ಸಿಕ್ಕಿತೆಂದು ಓಣಿಗೆಲ್ಲ ಸಕ್ಕರೆ ಹಂಚಿದ ಸುದ್ದಿ ಹೇಳುತ್ತಲೇ ಇದ್ದಳು.